ಕುಡುಕ ಕುನೇಶ್ ಹೊಡೆದು ಮಲಗಿಸಿದ, ಈ ಆಟ ಬಿಟ್ಟುಬಿಡಲಾ?

ಪ್ರಶ್ನೆ: ಸರ್, ನಾನು ತೀರ್ಥಹಳ್ಳಿ ಕಡೆಯವನು. ಕಳೆದ ತಿಂಗಳು ಸೇಲ್‌ನಲ್ಲಿ ‘ಕಿಂಗ್‌ಡಮ್ ಕಮ್: ಡೆಲಿವರೆನ್ಸ್’ ಅನ್ನೋ ಕಂಪ್ಯೂಟರ್ ಗೇಮ್ ತಗೊಂಡೆ. ಎಂಟು ಗಂಟೆ ಆಡಿದ್ದೇನೆ. ಶುರುವಿನಲ್ಲೇ ಕುನೇಶ್ ಅನ್ನೋ ಕುಡುಕ ನನ್ನನ್ನು ಹೊಡೆದು ಮಲಗಿಸಿದ. ಈಗಲೂ ಕತ್ತಿ ಬೀಸಿದರೆ ಎದುರಿನವನಿಗೆ ತಾಗೋದೇ ಇಲ್ಲ. ಹೀರೋಗೆ ಓದೋಕೂ ಬರಲ್ಲ. ಸೇವ್ ಮಾಡೋಕೆ ಅದ್ಯಾವುದೋ ಸಾರಾಯಿ ಬೇಕು. ನನ್ನದು ಡೆಸ್ಕ್‌ಟಾಪ್, ಮಳೆಗೆ ಕರೆಂಟ್ ಹೋದರೆ ಆಡಿದ್ದೆಲ್ಲ ಹೋಯ್ತು. ಕೆಲವರು ಇದರಂಥ ಆಟ ಇಲ್ಲ ಅಂತಾರೆ, ಕೆಲವರು ಎರಡೇ ದಿನಕ್ಕೆ ಬಿಟ್ಟೆ ಅಂತಾರೆ. ನಾನೇನಾದರೂ ತಪ್ಪು ಮಾಡ್ತಿದ್ದೀನಾ? ಇದನ್ನು ಬಿಟ್ಟು ನೇರ ಎರಡನೇ ಭಾಗ ಆಡಲಾ?

ಉತ್ತರ: ಬಿಡಬೇಡಿ. ಮೊದಲು ಕುನೇಶ್ ವಿಷಯಕ್ಕೆ ಬರೋಣ, ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಅಲ್ಲೇ ಇದೆ.

ಆಟದಲ್ಲಿ ನೀವು ಹೆನ್ರಿ ಅನ್ನೋ ಹುಡುಗ. ಅವನ ಅಪ್ಪ ಮಾರ್ಟಿನ್ ಊರಿನ ಕಮ್ಮಾರ. ಕುನೇಶ್ ಅವನಿಂದ ಮೊಳೆ, ಕೊಡಲಿ, ಸುತ್ತಿಗೆ ತಗೊಂಡು ದುಡ್ಡು ಕೊಟ್ಟಿಲ್ಲ. ವಸೂಲಿ ಮಾಡಿಕೊಂಡು ಬಾ ಅಂತ ನಿಮ್ಮನ್ನು ಕಳಿಸಿದ. ನೀವು ಹೋದಿರಿ, ಮಾತಿಗೆ ಮಾತು ಬೆಳೆಯಿತು, ಕೈ ಎತ್ತಿದಿರಿ, ಬಿದ್ದಿರಿ. ಮೊದಲ ಸಲ ನಾನೂ ಹೀಗೇ ಬಿದ್ದೆ. ಬೇರೆ ಆಟಗಳಲ್ಲಿ ಮೊದಲು ಸಿಗುವ ಶತ್ರು ನಮ್ಮ ಕೈಯಲ್ಲಿ ಸೋಲೋದಕ್ಕೇ ಇರುತ್ತಾನೆ. ಅದೇ ರೂಢಿಯಲ್ಲಿ ಇಲ್ಲಿಗೂ ಬರುತ್ತೇವೆ.

ಆದರೆ ಕುನೇಶ್ ಹತ್ತಿರ ಹೋಗಲು ಇನ್ನೂ ದಾರಿಗಳಿವೆ. ಸರಿಯಾಗಿ ಮಾತಾಡಿದರೆ ಒಪ್ಪಿಸಬಹುದು. ಊರಿನ ಗೆಳೆಯರಿಗೆ ಅವರ ಒಂದು ತರಲೆ ಕೆಲಸದಲ್ಲಿ ನೆರವಾದರೆ ಅವರು ನಿಮ್ಮ ಜೊತೆ ಬರುತ್ತಾರೆ. ಅವನ ಮನೆಯ ಪೆಟ್ಟಿಗೆಯಿಂದ ಆ ಸಾಮಾನನ್ನೇ ಎತ್ತಿಕೊಂಡು ಬರಬಹುದು. ಏಟು ತಿಂದು ಬಿದ್ದ ಮೇಲೂ ಕಥೆ ನಿಲ್ಲುವುದಿಲ್ಲ. ನೀವು ಸೋತಿರಿ ಅಂತ ಪರದೆ ಕಪ್ಪಾಗಿ ಮೊದಲಿಂದ ಶುರುವಾಗುವುದಿಲ್ಲ. ಕಮ್ಮಾರನ ಮಗ ಒಬ್ಬ ಊರ ಕುಡುಕನ ಕೈಲಿ ಹೊಡೆತ ತಿಂದ, ಅಷ್ಟೇ. ದಿನ ಮುಂದೆ ಹೋಗುತ್ತದೆ.

ಈ ಆಟವನ್ನು ಮೆಚ್ಚುವವರೂ ಬೈಯುವವರೂ ಹೇಳುವುದು ಒಂದೇ ವಿಷಯವನ್ನು. ಇಲ್ಲಿ ನೀವು ಏನೂ ಗೊತ್ತಿಲ್ಲದ ಹುಡುಗ. ಹೆನ್ರಿಗೆ ಕತ್ತಿ ಹಿಡಿಯಲು ಬರುವುದಿಲ್ಲ, ಕುದುರೆ ಸರಿಯಾಗಿ ಓಡಿಸಲು ಬರುವುದಿಲ್ಲ, ಅಕ್ಷರ ಗೊತ್ತಿಲ್ಲ. ಅವನ ಮೈ ಕೊಳಕಾಗಿದ್ದರೆ ದೊಡ್ಡವರು ಮುಖ ಕೊಟ್ಟು ಮಾತಾಡುವುದಿಲ್ಲ. ಹಸಿವಾಗುತ್ತದೆ, ನಿದ್ದೆ ಬರುತ್ತದೆ, ಚೀಲದಲ್ಲಿಟ್ಟ ಮಾಂಸ ಕೆಲವು ದಿನಕ್ಕೆ ಹಳಸುತ್ತದೆ. ಮ್ಯಾಜಿಕ್ ಇಲ್ಲ, ಡ್ರ್ಯಾಗನ್ ಇಲ್ಲ. ಇದನ್ನು ಮಾಡಿದ ಪ್ರಾಗ್ ನಗರದ ವಾರ್‌ಹಾರ್ಸ್ ಸ್ಟುಡಿಯೋಸ್‌ನವರು 2014ರಲ್ಲಿ ಆಟ ತಯಾರಿಸಲು ಜನರ ಹತ್ತಿರ ದುಡ್ಡು ಕೇಳುವಾಗಲೇ ಇದನ್ನು ಹೇಳಿದ್ದರು. ಜನ 11 ಲಕ್ಷ ಪೌಂಡ್‌ಗೂ ಜಾಸ್ತಿ ಕೊಟ್ಟರು. ಆಟ ಹೊರಬಂದದ್ದು 2018ರ ಫೆಬ್ರವರಿ 13ಕ್ಕೆ.

ನನಗೆ ಗೊತ್ತಿರುವ ಇಬ್ಬರ ಅನುಭವ ಹೇಳುತ್ತೇನೆ. ಒಬ್ಬ ಗೆಳೆಯ ಸಾಗರದ ಹತ್ತಿರ ಅಡಿಕೆ ತೋಟ ಮಾಡಿಕೊಂಡಿದ್ದಾನೆ. ರಾತ್ರಿ ಊಟ ಆದ ಮೇಲೆ ಒಂದು ಗಂಟೆ ಆಡುತ್ತಾನೆ. ಮುಖ್ಯ ಕಥೆಯನ್ನು ತಿಂಗಳುಗಟ್ಟಲೆ ಮುಟ್ಟಲಿಲ್ಲ. ಸೊಪ್ಪು ಕೀಳೋದು, ಮೊಲ ಹೊಡೆಯೋದು, ಕುದುರೆ ಮೇಲೆ ಕಾಡು ಸುತ್ತೋದು. ಅವನಿಗೆ ಇದು ಬದುಕಿನ ಅತ್ಯಂತ ಒಳ್ಳೆಯ ಆಟ. ಇನ್ನೊಬ್ಬಳು ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದುವ ಹುಡುಗಿ, ವೇಗದ ಆಟಗಳಲ್ಲಿ ಪಳಗಿದ ಕೈ. ಮೂರು ಸಲ ಶುರು ಮಾಡಿ ಮೂರು ಸಲ ಬಿಟ್ಟಳು. ‘ಸರ್, ನನ್ನ ಬೆರಳು ಇಷ್ಟು ಬೇಗ ಓಡ್ತದೆ, ಆ ಹೆನ್ರಿ ಕೈಯೇ ಓಡಲ್ಲ’ ಅಂದಳು. ನಾಲ್ಕನೇ ಸಲ ಅವಳಿಗೆ ಒಂದೇ ಮಾತು ಹೇಳಿದೆ. ರಟ್ಟಾಯ್ ಊರಿಗೆ ಬಂದ ಕೂಡಲೇ ಕತ್ತಿವರಸೆ ಕಲಿಸುವ ಕ್ಯಾಪ್ಟನ್ ಬರ್ನಾರ್ಡ್ ಹತ್ತಿರ ಹೋಗು, ಅಲ್ಲಿಂದ ಒಂದು ಗಂಟೆ ಕದಲಬೇಡ. ಅವಳು ಆಟ ಮುಗಿಸಿದಳು.

ನಿಮಗೂ ಅದನ್ನೇ ಹೇಳುತ್ತೇನೆ, ಸ್ವಲ್ಪ ಬಿಡಿಸಿ.

ಹೊಡೆದಾಟದಲ್ಲಿ ಪರದೆಯ ಮಧ್ಯೆ ಒಂದು ನಕ್ಷತ್ರದ ಗುರುತು ಬರುತ್ತದಲ್ಲ, ಅದರ ಐದು ದಿಕ್ಕಿನಿಂದ ಬೀಸಬಹುದು, ನಡುವಿನಿಂದ ತಿವಿಯಬಹುದು. ನೀವು ಬಹುಶಃ ಬಟನ್ ಪಟಪಟ ಒತ್ತುತ್ತಿದ್ದೀರಿ. ಹಾಗೆ ಮಾಡಿದರೆ ನಾಲ್ಕೈದು ಏಟಿಗೆ ದಮ್ ಖಾಲಿ. ಪರದೆಯ ಕೆಳಗಿನ ಆ ಹಳದಿ ಪಟ್ಟಿ ಹೆನ್ರಿಯ ದಮ್. ಅದು ಇರುವಷ್ಟು ಹೊತ್ತು ಏಟನ್ನು ಸ್ವಲ್ಪ ಅದು ತಡೆದುಕೊಳ್ಳುತ್ತದೆ. ಖಾಲಿಯಾದರೆ ಏಟು ನೇರ ಜೀವಕ್ಕೆ. ಗಾಯ ಜಾಸ್ತಿಯಾದಷ್ಟೂ ದಮ್ ತುಂಬುವ ಮಿತಿಯೂ ಕೆಳಗೆ ಬರುತ್ತದೆ. ಅದಕ್ಕೇ ಸೋಲಲು ಶುರುವಾದವನು ಬೇಗ ಸೋಲುತ್ತಾನೆ. ಒಂದು ಏಟು, ಒಂದು ಹೆಜ್ಜೆ ಹಿಂದೆ, ಉಸಿರು. ಎದುರಿನವನು ಬೀಸಿದಾಗ ಒಂದು ಹಸಿರು ಗುರಾಣಿ ಕ್ಷಣ ಮಿನುಗುತ್ತದೆ, ಆಗ ತಡೆಯುವ ಬಟನ್ ಒತ್ತಿದರೆ ಅವನ ಏಟು ಪೂರ್ತಿ ವ್ಯರ್ಥ.

ಬರ್ನಾರ್ಡ್ ಮೊದಲ ದಿನ ಕಲಿಸುವುದು ಇಷ್ಟನ್ನೇ. ತುಂಬಾ ಜನ ಆ ಪಾಠ ಮುಗಿದ ತಕ್ಷಣ ಹೊರಟುಬಿಡುತ್ತಾರೆ, ಮತ್ತೆ ಅವನ ಮುಖ ನೋಡುವುದಿಲ್ಲ. ವಾಪಸ್ ಹೋಗಿ ಕೇಳಿ. ‘ಮಾಸ್ಟರ್ ಸ್ಟ್ರೈಕ್’ ಹೇಳಿಕೊಡುತ್ತಾನೆ. ಅಂದರೆ ಎದುರಾಳಿಯ ಏಟನ್ನು ತಡೆದು ಅದೇ ಚಲನೆಯಲ್ಲಿ ತಿರುಗಿ ಹೊಡೆಯುವುದು. ಅದು ಬಾರದೆ ಇಬ್ಬರು ಕಳ್ಳರ ಎದುರು ನಿಲ್ಲುವುದು ಕಷ್ಟ. ಮರದ ಕತ್ತಿಯಲ್ಲಿ ಅವನ ಜೊತೆ ಎಷ್ಟು ಹೊತ್ತು ಬೇಕಾದರೂ ಆಡಿ, ಪ್ರಾಣ ಹೋಗುವುದಿಲ್ಲ. ಅಲ್ಲಿ ಎರಡು ಕಲಿಕೆ ಒಟ್ಟಿಗೆ ನಡೆಯುತ್ತವೆ. ಹೆನ್ರಿಯ ಕೌಶಲದ ಅಂಕಿ ಏರುತ್ತದೆ, ನಿಮ್ಮ ಕಣ್ಣಿಗೂ ಎದುರಾಳಿಯ ಭುಜ ಯಾವ ಕಡೆ ವಾಲಿತು ಅಂತ ಕಾಣಲು ಶುರುವಾಗುತ್ತದೆ. ಸಾಗರದ ಗೆಳೆಯ ಇದನ್ನು ಕೊನೆಗೌಡರಿಗೆ ಹೋಲಿಸಿದ. ಒಂದು ಅಡಿಕೆ ಮರದಿಂದ ಇನ್ನೊಂದಕ್ಕೆ ಜೋಲಿ ಹೊಡೆದು ದಾಟುವವರನ್ನು ಕೆಳಗಿನಿಂದ ನೋಡಿದರೆ ಸುಲಭ ಅನ್ನಿಸುತ್ತದೆ, ಹತ್ತಿದವರಿಗಷ್ಟೇ ಅದರ ಭಯ ಗೊತ್ತು ಅಂದ. ನನಗೆ ಹೋಲಿಕೆ ಹಿಡಿಸಿತು.

ಕವಚದ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಒಳಗೆ ದಪ್ಪ ಬಟ್ಟೆಯ ಅಂಗಿ, ಅದರ ಮೇಲೆ ಉಕ್ಕಿನ ಉಂಗುರ ಹೆಣೆದ ಕವಚ, ಅದರ ಮೇಲೆ ತಗಡು. ಮೂರೂ ಬೇಕು. ತಗಡು ತೊಟ್ಟವನ ಮೇಲೆ ಕತ್ತಿ ಬೀಸಿದರೆ ಹೆಚ್ಚೇನೂ ಆಗುವುದಿಲ್ಲ, ಗದೆ ಹಿಡಿಯಬೇಕು. ಮುಖ ಮುಚ್ಚುವ ಶಿರಸ್ತ್ರಾಣ ಹಾಕಿದರೆ ಪರದೆಯೇ ಒಂದು ಸೀಳಿನಷ್ಟಾಗುತ್ತದೆ. ಕಂಬಳಿ ಕೊಪ್ಪೆ ಹಾಕಿಕೊಂಡು ಗದ್ದೆಯಲ್ಲಿ ನಿಂತವರಿಗೆ ಇದು ಗೊತ್ತು. ಮೈ ಬೆಚ್ಚಗಿರುತ್ತದೆ, ಪಕ್ಕದಲ್ಲಿ ಯಾರು ಬಂದರೂ ಕಾಣಿಸುವುದಿಲ್ಲ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಆಟ ಇಂಥ ಕಡೆ ಮೋಸ ಮಾಡುವುದಿಲ್ಲ.

ಓದು ಬಾರದಿರುವುದರ ಬಗ್ಗೆ ನೀವು ಸಿಟ್ಟಾಗಿದ್ದೀರಿ. ನನಗೆ ಈ ಆಟದಲ್ಲಿ ಅತಿ ಇಷ್ಟವಾದ ಭಾಗ ಅದೇ. ಪುಸ್ತಕ ತೆರೆದರೆ ಅಕ್ಷರಗಳು ಕಲಸಿಕೊಂಡಿರುತ್ತವೆ. ಉಝಿಟ್ಸ್ ಅನ್ನೋ ಊರಿನಲ್ಲಿ ಒಬ್ಬ ಬರವಣಿಗೆಯವನಿದ್ದಾನೆ, ಅವನಿಗೆ ದುಡ್ಡು ಕೊಟ್ಟು ಕಲಿಯಬೇಕು. ಕಲಿತ ಮೇಲೂ ಪೂರ್ತಿ ಬರುವುದಿಲ್ಲ. ಒಂದೊಂದೇ ಪದ ನೆಟ್ಟಗಾಗುತ್ತಾ, ಓದಿದಷ್ಟೂ ಸಾಲು ತಿಳಿಯಾಗುತ್ತದೆ. ಕೆಳದಿಯ ವಸ್ತು ಸಂಗ್ರಹಾಲಯದಲ್ಲಿ ತಿಗಳಾರಿ ಲಿಪಿಯ ತಾಳೆಗರಿ ಎದುರು ನಿಂತಾಗ ನನಗೆ ಹೀಗೇ ಆಗಿತ್ತು. ನಮ್ಮ ನೆಲದಲ್ಲೇ ಬರೆದದ್ದು, ಕಣ್ಣ ಮುಂದೇ ಇದೆ, ಆದರೂ ಒಂದು ಅಕ್ಷರ ಒಳಗೆ ಇಳಿಯಲಿಲ್ಲ. ಅಕ್ಷರ ಗೊತ್ತಿಲ್ಲದವನಿಗೆ ಜಗತ್ತು ಹೇಗೆ ಕಾಣುತ್ತದೆ ಅಂತ ಆಡಿಸಿ ತೋರಿಸಿದ ಬೇರೆ ಆಟವನ್ನು ನಾನು ಆಡಿಲ್ಲ.

ಸೊಪ್ಪು, ಔಷಧಿಯೂ ಹಾಗೇ. ಪಟ್ಟಿಯಿಂದ ಆರಿಸಿ ಬಟನ್ ಒತ್ತಿದರೆ ಔಷಧಿ ಬರುವುದಿಲ್ಲ. ನೀರೋ ವೈನೋ ಪಾತ್ರೆಗೆ ಸುರಿಯಬೇಕು, ಸೊಪ್ಪನ್ನು ಕುಟ್ಟಬೇಕು, ತಿದಿ ಒತ್ತಬೇಕು, ಮರಳು ಗಡಿಯಾರ ತಿರುಗಿಸಿ ಎಷ್ಟು ಹೊತ್ತು ಕುದಿಯಿತು ನೋಡಬೇಕು. ಮನೆಯಲ್ಲಿ ಅಜ್ಜಿ ಕಷಾಯ ಮಾಡುವುದನ್ನು ನೋಡಿದವರಿಗೆ ಇದು ಬೋರ್ ಅನ್ನಿಸಲಾರದು.

ಕಾಡಿನ ಬಗ್ಗೆ ಎಲ್ಲರೂ ಹೇಳುತ್ತಾರೆ, ನಾನೂ ಹೇಳಲೇಬೇಕು. ಅದು ನಮ್ಮ ಕಾಡಿನಂತಲ್ಲ. ಬೀಚ್, ಓಕ್, ಪೈನ್ ಮರಗಳ ತಣ್ಣನೆಯ ಕಾಡು, ನಮ್ಮ ಬಿದಿರಿನ ಹಿಂಡಲು, ಬೆತ್ತದ ಮುಳ್ಳು ಅಲ್ಲಿಲ್ಲ. ಆದರೆ ಕುದುರೆ ಪೊದೆಗೆ ಸಿಕ್ಕಿ ನಿಲ್ಲುತ್ತದೆ, ದಾರಿ ಬಿಟ್ಟರೆ ದಿಕ್ಕು ತಪ್ಪುತ್ತದೆ, ರಾತ್ರಿ ಅಂದರೆ ನಿಜವಾದ ರಾತ್ರಿ. ದೊಂದಿ ಹಿಡಿಯದೆ ಊರೊಳಗೆ ಓಡಾಡಿದರೆ ಕಾವಲಿನವರು ತಡೆಯುತ್ತಾರೆ. ಹೊಸನಗರದ ದಾರಿಯಲ್ಲಿ ಅಮಾವಾಸ್ಯೆ ರಾತ್ರಿ ಗಾಡಿ ಕೆಟ್ಟು ನಿಂತವರಿಗೆ ಆ ಕತ್ತಲು ಪರಿಚಯದ್ದೇ.

ಈಗ ನನ್ನನ್ನು ತುಂಬಾ ಕಾಡಿದ ಭಾಗ.

ಆಟದ ಕಥೆ ನಡೆಯುವ ವರ್ಷ 1403. ಬೊಹೆಮಿಯಾ, ಅಂದರೆ ಇಂದಿನ ಚೆಕ್ ದೇಶದ ಭಾಗ. ದೊಡ್ಡ ದೊರೆ ನಾಲ್ಕನೇ ಚಾರ್ಲ್ಸ್ 1378ರಲ್ಲಿ ತೀರಿಕೊಂಡ. ಪಟ್ಟಕ್ಕೆ ಬಂದ ಮಗ ವೆನ್ಸೆಸ್ಲಾಸ್‌ನನ್ನು ಅವನ ಮಲತಮ್ಮ, ಹಂಗೇರಿಯ ದೊರೆ ಸಿಗಿಸ್ಮಂಡ್ ಸೆರೆ ಹಿಡಿದ. ವೆನ್ಸೆಸ್ಲಾಸ್ ಕಡೆಯ ಊರುಗಳ ಮೇಲೆ ಸಿಗಿಸ್ಮಂಡ್‌ನ ಸೈನ್ಯ ಬಿತ್ತು. ಬೆಳ್ಳಿ ಗಣಿಯಿದ್ದ ಸ್ಕಾಲಿಟ್ಸ್ ಅದರಲ್ಲೊಂದು, ಹೆನ್ರಿಯ ಊರು. ಬೆಳಿಗ್ಗೆ ಕುನೇಶ್ ಜೊತೆ ಜಗಳ ಆಡಿದ ಹುಡುಗ ಮಧ್ಯಾಹ್ನದ ಹೊತ್ತಿಗೆ ಅಪ್ಪ ಅಮ್ಮನನ್ನು ಕಳೆದುಕೊಂಡು ಕುದುರೆ ಮೇಲೆ ಓಡುತ್ತಿರುತ್ತಾನೆ. ತುಂಬಾ ಆಟಗಾರರು ಇಲ್ಲೇ ತಕರಾರು ತೆಗೆಯುತ್ತಾರೆ: ‘ನಾನು ನಿಂತು ಹೊಡೆದಾಡ್ತೀನಿ ಅಂದ್ರೂ ಬಿಡಲ್ಲ, ಓಡು ಓಡು ಅಂತಾರೆ.’

ನಾನು ಈ ಭಾಗ ಆಡಿದ ವಾರವೇ ಬಳ್ಳಿಗಾವಿಗೆ ಹೋಗಿದ್ದೆ. ಶಿಕಾರಿಪುರ, ಸೊರಬದ ಕಡೆ ವೀರಗಲ್ಲುಗಳು ಎಷ್ಟಿವೆ ಅಂತ ನಿಮಗೆ ಗೊತ್ತು. ದೇವಸ್ಥಾನದ ಹಿಂದೆ, ಕೆರೆ ಏರಿ ಮೇಲೆ, ಕೆಲವು ಕಡೆ ಗದ್ದೆ ಬದುವಿನಲ್ಲೂ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವಿನಲ್ಲಿ ಸತ್ತವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವನ ಸನ್ನಿಧಿ. ನಮ್ಮ ಶಾಸನಗಳಲ್ಲಿ ಇಂಥ ಸಾವುಗಳಿಗೆ ಬೇರೆ ಬೇರೆ ಹೆಸರಿದೆ. ದನ ಬಿಡಿಸಿಕೊಂಡು ಬರಲು ಹೋದದ್ದು ತುರುಗೊಳ್, ಹೆಣ್ಣುಮಕ್ಕಳ ಮಾನ ಕಾಯಲು ಹೋದದ್ದು ಪೆಣ್ಬುಯ್ಯಲ್, ಊರೇ ಹಾಳಾದದ್ದು ಊರಳಿವು. ಸ್ಕಾಲಿಟ್ಸ್‌ನಲ್ಲಿ ನಡೆದದ್ದಕ್ಕೆ ಇದಕ್ಕಿಂತ ಸರಿಯಾದ ಪದ ನನಗೆ ಯಾವ ಭಾಷೆಯಲ್ಲೂ ಸಿಗಲಿಲ್ಲ. ಊರಳಿವು. ಕಲ್ಲಿನಲ್ಲಿ ಉಳಿದವರು ನಿಂತು ಕಾದಿದವರು. ಓಡಿ ಬದುಕಿದವರಿಗೆ ಕಲ್ಲಿಲ್ಲ. ಹೆನ್ರಿ ಆ ಓಡಿದ ಹುಡುಗ. ಅವನು ಮಳೆಯಲ್ಲಿ ಕದ್ದು ವಾಪಸ್ ಬಂದು ಅಪ್ಪ ಅಮ್ಮನಿಗೆ ಗುಂಡಿ ತೋಡುವಾಗ ನಾನು ಕೀಬೋರ್ಡ್‌ನಿಂದ ಕೈ ತೆಗೆದು ಸುಮ್ನೆ ಕೂತಿದ್ದೆ.

ಆ ವರ್ಷ ನಮ್ಮ ಕಡೆ ಏನಿತ್ತು ಅಂತ ಕೇಳಿದರೆ, ವಿಜಯನಗರದಲ್ಲಿ ಎರಡನೇ ಹರಿಹರನ ಆಳ್ವಿಕೆಯ ಕೊನೆಯ ದಿನಗಳು. ನಿಮ್ಮ ತೀರ್ಥಹಳ್ಳಿ ಪಕ್ಕದ ಆರಗ ಆಗ ವಿಜಯನಗರದ ಒಂದು ದೊಡ್ಡ ಪ್ರಾಂತ್ಯದ ಕೇಂದ್ರ. ಕೆಳದಿಯವರು ಬರಲು ಇನ್ನೂ ನೂರು ವರ್ಷ ಇತ್ತು. ಆರಗದ ಸಂತೆಯಲ್ಲಿ ಅವತ್ತು ಒಬ್ಬ ಕಮ್ಮಾರನ ಮಗ ಏನು ಮಾಡುತ್ತಿದ್ದ ಅಂತ ಆಡಿ ನೋಡುವ ಆಟ ಒಂದು ಬರಲಿ ಅಂತ ನನಗೆ ಬಹಳ ಆಸೆ.

ಇನ್ನೊಂದು ಕೆಲಸವನ್ನು ತಪ್ಪಿಸಬೇಡಿ. ಮೆರ್ಹೋಯೆದ್ ಅನ್ನೋ ಹಳ್ಳಿಯಲ್ಲಿ ಜನಕ್ಕೆ ಕಾಯಿಲೆ ಬರುತ್ತದೆ. ನೀವು ಮಲಗಿದವರ ಹತ್ತಿರ ಹೋಗಿ ಒಬ್ಬೊಬ್ಬರನ್ನೇ ಕೇಳಬೇಕು. ಏನು ತಿಂದಿರಿ, ಎಲ್ಲಿ ನೋವು, ಯಾವಾಗಿಂದ. ಕೇಳಿದ್ದನ್ನು ಸಾಸಾವ್ ಮಠದ ವೈದ್ಯ ಸನ್ಯಾಸಿಗೆ ಹೇಳಬೇಕು. ನಡುವೆ ಬೇರೆ ಕಡೆ ಬೇಟೆಗೆ ಹೋಗಿ ಕೂತರೆ ಜನ ಸಾಯುತ್ತಾರೆ. ಆಟ ನಿಮಗಾಗಿ ಕಾಯುವುದಿಲ್ಲ. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ನಮ್ಮದೇ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಬೇಸಿಗೆ ಬಂತೆಂದರೆ ಕಾಡಂಚಿನ ಮನೆಗಳಲ್ಲಿ ಯಾರಿಗಾದರೂ ಜ್ವರ ಬಂದಾಗ ಆಗುವ ಎದೆಬಡಿತ ಇಲ್ಲಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಆ ಕೆಲಸ ಮಾಡುವಾಗ ನನಗೆ ಅದೇ ಎದೆಬಡಿತ ಇತ್ತು.

ಸರಿ, ಕರೆಂಟ್ ವಿಷಯ. ನಿಮ್ಮ ದೂರು ಪೂರ್ತಿ ನ್ಯಾಯವಾದದ್ದು. ‘ಸೇವಿಯರ್ ಶ್ನಾಪ್ಸ್’ ಅನ್ನೋ ಆ ಸಾರಾಯಿ ಕುಡಿದರೆ ಮಾತ್ರ ಬೇಕೆಂದಾಗ ಸೇವ್ ಆಗುತ್ತದೆ ಅನ್ನುವ ನಿಯಮದ ಉದ್ದೇಶ ಒಳ್ಳೆಯದೇ. ಪ್ರತಿ ಮಾತಿಗೂ ಮುಂಚೆ ಸೇವ್ ಮಾಡಿಕೊಂಡು ಬೇಕಾದ ಉತ್ತರ ಬರುವವರೆಗೆ ಹಿಂದೆ ಮುಂದೆ ಹೋಗಬಾರದು ಅಂತ. ಆದರೆ ಆ ನಿಯಮ ಮಾಡಿದವರಿಗೆ ಜುಲೈ ತಿಂಗಳ ತೀರ್ಥಹಳ್ಳಿ ಗೊತ್ತಿಲ್ಲ. ಆಡುವವರ ದೂರು ಜಾಸ್ತಿಯಾದ ಮೇಲೆ ‘ಸೇವ್ ಮಾಡಿ ಹೊರಗೆ ಹೋಗು’ ಅನ್ನುವ ಆಯ್ಕೆ ಸೇರಿಸಿದರು, ಅದಕ್ಕೆ ಸಾರಾಯಿ ಬೇಡ. ಡೆಸ್ಕ್‌ಟಾಪ್‌ಗೆ ಒಂದು ಚಿಕ್ಕ ಯುಪಿಎಸ್ ಹಾಕಿಸಿ. ಕರೆಂಟ್ ಹೋದ ಮೇಲೆ ಅದು ಕೊಡುವ ಕೆಲವು ನಿಮಿಷ ಈ ಬಟನ್ ಒತ್ತಲು ಸಾಕು. ನಿಮ್ಮದೇ ಹಾಸಿಗೆಯಲ್ಲೋ ಬಾಡಿಗೆ ಕೋಣೆಯಲ್ಲೋ ಹೆನ್ರಿ ಮಲಗಿದರೂ ಸೇವ್ ಆಗುತ್ತದೆ, ರಾತ್ರಿಯಾದಾಗ ಮಲಗಿಸುವುದನ್ನು ರೂಢಿ ಮಾಡಿಕೊಳ್ಳಿ. ಶ್ನಾಪ್ಸನ್ನು ನೀವೇ ತಯಾರಿಸಬಹುದು. ವೈನ್, ಬೆಲಡೋನಾ ಅನ್ನೋ ಗಿಡ, ಜೊತೆಗೆ ನಮ್ಮ ತುರಚೆ ಗಿಡದ ಹಾಗೆ ಮೈ ತುರಿಸುವ ನೆಟಲ್ ಸೊಪ್ಪು ಬೇಕು. ಇಷ್ಟೆಲ್ಲ ಮಾಡಿದ ಮೇಲೂ ಸಾಲದಿದ್ದರೆ, ಬೇಕಾದಾಗ ಸೇವ್ ಮಾಡಲು ಬಿಡುವ ಮಾಡ್, ಅಂದರೆ ಆಟಗಾರರೇ ಮಾಡಿದ ಮಾರ್ಪಾಡು, ಪಿಸಿಯಲ್ಲಿ ಸಿಗುತ್ತದೆ. ಮಳೆಗಾಲದಲ್ಲಿ ಅದನ್ನು ಹಾಕಿಕೊಂಡು ಆಡಿ. ಅದರಲ್ಲಿ ಯಾವ ತಪ್ಪೂ ಇಲ್ಲ.

ಬೈಯುವವರ ಮಾತಲ್ಲೂ ನಿಜ ಇದೆ. ಮೊದಲ ದಿನಗಳಲ್ಲಿ ಆಟದಲ್ಲಿ ಬಗ್‌ಗಳು ತುಂಬಿದ್ದವು. ಬಹಳಷ್ಟು ಸರಿಯಾಗಿವೆ, ಎಲ್ಲವೂ ಅಲ್ಲ. ರಟ್ಟಾಯ್ ಪೇಟೆಯಲ್ಲಿ ಈಗಲೂ ಕಂಪ್ಯೂಟರ್ ಏದುಸಿರು ಬಿಡುತ್ತದೆ. ನೆರಳಿನ ಗುಣಮಟ್ಟ ಇಳಿಸಿ, ಆಟವನ್ನು ಎಸ್‌ಎಸ್‌ಡಿಯಲ್ಲಿಡಿ. ಇಬ್ಬರಿಗಿಂತ ಜಾಸ್ತಿ ಜನ ಸುತ್ತುವರಿದರೆ ಕ್ಯಾಮೆರಾ ಯಾರನ್ನು ಹಿಡಿಯಬೇಕೋ ತಿಳಿಯದೆ ಒದ್ದಾಡುತ್ತದೆ. ಅಲ್ಲಿ ಸೋತರೆ ಅದು ನಿಮ್ಮ ತಪ್ಪಲ್ಲ. ಕೊನೆಯ ಭಾಗದಲ್ಲಿ ಎಲ್ಲರೂ ಮಾಸ್ಟರ್ ಸ್ಟ್ರೈಕ್ ಹಾಕುವುದರಿಂದ ಮೊದಲು ಹೊಡೆದವನಿಗೇ ನಷ್ಟ, ಕಾಳಗ ಕಾಯುವ ಆಟವಾಗಿಬಿಡುತ್ತದೆ. ಇದು ನನ್ನ ದೊಡ್ಡ ದೂರು. ಮಠದೊಳಗೆ ಶಿಷ್ಯನಾಗಿ ಸೇರಿಕೊಂಡು ಗಂಟೆ ಹೊಡೆದಾಗ ಪ್ರಾರ್ಥನೆ, ಗಂಟೆ ಹೊಡೆದಾಗ ಊಟ ಅಂತ ಬದುಕಬೇಕಾದ ಭಾಗ ಬರುತ್ತದೆ. ತುಂಬಾ ಜನ ಅಲ್ಲಿ ಬಿಡುತ್ತಾರೆ. ನನಗೆ ಅದು ಇಷ್ಟ, ಆದರೆ ಒಂದೇ ರಾತ್ರಿಯಲ್ಲಿ ಮುಗಿಸಲು ಹೋಗಬೇಡಿ. ರಕ್ತ, ಬೆತ್ತಲೆ ದೃಶ್ಯ ಎರಡೂ ಇವೆ, 18 ದಾಟಿದವರ ಆಟ ಇದು. ಮಕ್ಕಳು ಮಲಗಿದ ಮೇಲೆ ಆಡಿ.

ಎರಡನೇ ಭಾಗ 2025ರ ಫೆಬ್ರವರಿ 4ಕ್ಕೆ ಬಂತು. ಹೊಡೆದಾಟ ಸರಳವಾಗಿದೆ, ಕುಟ್ಟನ್‌ಬರ್ಗ್ ಅನ್ನೋ ದೊಡ್ಡ ಬೆಳ್ಳಿ ಪೇಟೆ ಇದೆ, ಅಡ್ಡಬಿಲ್ಲು, ಆ ಕಾಲದ ಕೋವಿ ಬಂದಿವೆ. ಕುಲುಮೆಯಲ್ಲಿ ಕಬ್ಬಿಣ ಕಾಯಿಸಿ, ಅಡಿಗಲ್ಲಿನ ಮೇಲಿಟ್ಟು ನೀವೇ ಬಡಿದು ಕತ್ತಿ ಮಾಡಬಹುದು. ಆಟವಾಗಿ ಅದೇ ಮೇಲು ಅಂತ ನಾನೂ ಒಪ್ಪುತ್ತೇನೆ. ಆದರೆ ಕಥೆ ಮೊದಲನೆಯದು ನಿಂತಲ್ಲಿಂದಲೇ ಶುರುವಾಗುತ್ತದೆ. ಹೆನ್ರಿಯ ಕಣ್ಣೆದುರೇ ಅವನ ಅಪ್ಪ ಮಾಡಿ ಮುಗಿಸಿದ ಕತ್ತಿ ಏನಾಯಿತು ಅಂತ ಗೊತ್ತಿಲ್ಲದೆ ಎರಡನೆಯದರಲ್ಲಿ ಕುಲುಮೆ ಮುಂದೆ ನಿಂತರೆ, ಅದು ಬರೀ ಇನ್ನೊಂದು ಕೆಲಸ ಅನ್ನಿಸೀತು. ಅದಕ್ಕೆ ಕನಿಷ್ಠ 16 ಜಿಬಿ ರ‍್ಯಾಮ್, ಎಸ್‌ಎಸ್‌ಡಿಯಲ್ಲಿ 100 ಜಿಬಿ ಜಾಗ ಬೇಕು. ನಿಮ್ಮ ಊರಿನ ಇಂಟರ್ನೆಟ್ ನಿಧಾನವಾದರೆ ಶಿವಮೊಗ್ಗಕ್ಕೆ ಬಂದಾಗ ಗೆಳೆಯರ ಮನೆಯಲ್ಲಿ ಡೌನ್‌ಲೋಡ್ ಮಾಡಿ ಹಾರ್ಡ್ ಡಿಸ್ಕ್‌ನಲ್ಲಿ ಒಯ್ಯಬಹುದು, ಆಟ ಕೊಂಡು ಇಳಿಸಿಕೊಳ್ಳುವ ಸ್ಟೀಮ್ ಅದನ್ನು ಗುರುತಿಸಿಕೊಳ್ಳುತ್ತದೆ.

ಈಗಿರುವ ಸೇವ್‌ನಿಂದಲೇ ಮುಂದುವರಿಸಿ, ಹೊಸದಾಗಿ ಶುರು ಮಾಡಬೇಡಿ. ಇವತ್ತು ರಾತ್ರಿ ಬೇರೆ ಏನೂ ಬೇಡ. ಹೆನ್ರಿಗೆ ಸ್ನಾನ ಮಾಡಿಸಿ, ಹೊಟ್ಟೆ ತುಂಬಿಸಿ, ಬರ್ನಾರ್ಡ್ ಎದುರು ಮರದ ಕತ್ತಿ ಹಿಡಿದು ನಿಲ್ಲಿಸಿ.